ಮಿಂಚಬಾರದ ಎಂಟು ಗಟ್ಟಾ

ಮಿಕ್ಸರ್ ತಿರುಗುತ್ತಿರುವಾಗ ಅದರ ಮುಚ್ಚಳವನ್ನು ಒತ್ತಿ ಹಿಡಿದವನಿಗೆ ಚಟ್ನಿಯನ್ನು ತಾನೇ ಅರೆದೆ ಅನ್ನಿಸುತ್ತದೆ. ಇದು ನನ್ನ ಸ್ವಂತ ಅನುಭವ. ಹತ್ತು ವರ್ಷದವನಿದ್ದಾಗ ಅವ್ವ ಒಂದು ದಿನ ಮುಚ್ಚಳ ಹಿಡಿಯಲು ಹೇಳಿದ್ದಳು. ಸಂಜೆಯೊಳಗೆ ಮುಂಬೈನ ವಡಾಲದ ನಮ್ಮ ಬಿಲ್ಡಿಂಗಿನ ನಾಲ್ಕೂ ಮಹಡಿಗೆ, ಇವತ್ತಿನ ಶೇಂಗಾ ಚಟ್ನಿ ನಾನು ಮಾಡಿದ್ದು ಎಂಬ ಸುದ್ದಿ ಮುಟ್ಟಿತ್ತು. ಮೂರನೇ ಮಹಡಿಯ ಆಂಟಿ ರೆಸಿಪಿ ಕೇಳಿದರು. ಧಾರಾಳವಾಗಿ ಕೊಟ್ಟೆ. ಮರುದಿನ ಅವರ ಮನೆಯ ಅಂಕಲ್ ಆಫೀಸಿಗೆ ರಜೆ ಹಾಕಿದ್ದಕ್ಕೂ ನನ್ನ ರೆಸಿಪಿಗೂ ಸಂಬಂಧವಿದೆ ಎಂದು ಇದುವರೆಗೆ ಯಾರೂ ಸಾಬೀತು ಮಾಡಿಲ್ಲ.

ತಿರುಗುವ ಯಂತ್ರಗಳ ಗುಣವೇ ಅದು. ಕೆಲಸ ಅವು ಮಾಡುತ್ತವೆ, ಹೆಮ್ಮೆ ನಮಗೆ ಬರುತ್ತದೆ. ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ಮರ ಕಡೆಯುವ ಲೇತ್ ಮುಂದೆ ನಿಂತಾಗ ನನಗೆ ಬಂದ ಹೆಮ್ಮೆಯನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ನಮ್ಮದು ಒಂದೇ ಬೆಡ್‌ರೂಮಿನ ಮನೆ.

ಲೇತ್ ಸಿಕ್ಕಿದ್ದು ಕುರ್ಚಿಯ ದೆಸೆಯಿಂದ. ಊಟದ ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ತೂಗಿಸುತ್ತ ಕೂರುವುದು ನನ್ನ ರೂಢಿ. ಒಂದು ದಿನ ಕುರ್ಚಿ ಆ ರೂಢಿಯನ್ನು ಒಪ್ಪಲಿಲ್ಲ. ಮುರಿದ ಕಾಲನ್ನು ಚೀಲದಲ್ಲಿ ಹಾಕಿ ಅವ್ವ ನನ್ನನ್ನು ಮಲಾಡಿಗೆ ಅಟ್ಟಿದಳು. ಅಲ್ಲಿ ಭೀಮಣ್ಣ ಕಾಕಾನ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ಒಂದು ಶಟರ್, ಒಂದು ಲೇತ್, ಮೊಣಕಾಲು ಮುಳುಗುವಷ್ಟು ಕಟ್ಟಿಗೆಯ ಸಿಪ್ಪೆ, ಅದರ ನಡುವೆ ಗೋಕಾಕದಿಂದ ಬಂದು ಮೂವತ್ತು ವರ್ಷದಿಂದ ಸೋಫಾದ ಕಾಲು, ಜಿನೆಯ, ಅಂದರೆ ಮೆಟ್ಟಿಲಸಾಲಿನ, ಕಂಬ ಕಡೆಯುತ್ತಿರುವ ಕಾಕಾ. ಅಪ್ಪನಿಗೆ ಭಜನೆಯ ಕೂಟದಿಂದ ಪರಿಚಯ.

ಕಾಕಾ ಒಂದು ಚೌಕದ ತುಂಡನ್ನು ಎರಡೂ ತುದಿಗೆ ಚುಚ್ಚಿ ಲೇತಿಗೆ ಸಿಕ್ಕಿಸಿದ. ಗುಂಡಿ ಒತ್ತಿದ. ತುಂಡು ಗಿರ್ರೆಂದು ಮಾಯವಾಗಿ ಅಲ್ಲಿ ಬರೀ ಒಂದು ನೆರಳು ಉಳಿಯಿತು. ಆ ನೆರಳಿಗೆ ಉಳಿ ತಾಗಿಸಿದ. ಹತ್ತು ನಿಮಿಷದಲ್ಲಿ ಕುರ್ಚಿಯ ಕಾಲು ಹುಟ್ಟಿತು. ನಾನು ಅಲ್ಲೇ ಘೋಷಿಸಿದೆ:

"ಕಾಕಾ, ಇದು ಬಹಳ ಈಜಿ ಅದ. ನಾ ಕಲೀತೀನಿ."

ಕಾಕಾ ನನ್ನ ಕೈ ನೋಡಿದ. ಕೈಗಿದ್ದ ಸ್ಟೀಲಿನ ಕಡಗ ನೋಡಿದ. ಹಣೆಯ ಮೇಲೆ ಬಿಟ್ಟ ಕೂದಲು ನೋಡಿದ.

"ಮದಲ ಆ ಕಡಗ ತಗಿ. ಆ ಕೂದಲಾನೂ ತಗಿ. ಹೀರೋಗಿರಿ ಲೇತಿಗೆ ಆಗಂಗಿಲ್ಲ ತಮ್ಮಾ, ಎಳದು ಸುತ್ತಕೊಂತೈತಿ."

ಹೀಗೆ ನನ್ನ ಕಲಾಜೀವನ ಕ್ಷೌರದಿಂದ ಆರಂಭವಾಯಿತು.

ಮೊದಲ ವಾರದ ಸಾಧನೆಯನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಸೋಫಾದ ಕಾಲು ಎಂದು ಆರಂಭಿಸಿದೆ. ಒಂದು ಕಡೆ ಸ್ವಲ್ಪ ತೆಳುವಾಯಿತು, ಅದಕ್ಕೆ ಸಮ ಮಾಡಲು ಇನ್ನೊಂದು ಕಡೆ ತೆಗೆದೆ. ಅದು ಹೆಚ್ಚಾಯಿತು, ಮತ್ತೆ ಈ ಕಡೆ ತೆಗೆದೆ. ಸೋಫಾದ ಕಾಲು ಸ್ಟೂಲಿನ ಕಾಲಾಯಿತು, ಲಟ್ಟಣಿಗೆಯಾಯಿತು, ಪೆನ್ಸಿಲ್ ಆಯಿತು. ಕೊನೆಗೆ ಹಲ್ಲು ಚುಚ್ಚಲು ಬರುವ ಹಂತದಲ್ಲಿ ಟಪ್ ಎಂದು ಮುರಿದು ಕಾಕಾನ ಚಹಾದ ಗ್ಲಾಸಿಗೆ ಬಿತ್ತು. ಅಷ್ಟು ದೂರದಿಂದ ಅಷ್ಟು ಸಣ್ಣ ಗ್ಲಾಸಿಗೆ! ಅದರಲ್ಲಿರುವ ಗುರಿಯನ್ನು ಯಾರೂ ಮೆಚ್ಚಲಿಲ್ಲ.

ಎರಡನೇ ವಾರ ಉಳಿಯನ್ನು ಹೇಗೆ ಹಿಡಿಯಬಾರದು ಎಂಬುದರ ಎಲ್ಲ ವಿಧಾನಗಳನ್ನೂ ಕಲಿತೆ. ಸ್ವಲ್ಪ ತಪ್ಪಿದರೂ ಕಟ್ಟಿಗೆ ಉಳಿಯನ್ನು ಕಚ್ಚಿ ಒದರುತ್ತದೆ. ಆಗ ಬರುವ ಸದ್ದಿಗೆ ಪಕ್ಕದ ವೆಲ್ಡಿಂಗಿನವನು ಹೊರಗೆ ಓಡಿಬರುತ್ತಿದ್ದ. ಮೂರನೇ ವಾರ ಅವನು ಓಡಿಬರುವುದನ್ನು ನಿಲ್ಲಿಸಿದ. ನಾನು ಅದನ್ನು ಪ್ರಗತಿ ಎಂದು ಲೆಕ್ಕ ಹಿಡಿದೆ. ಕಾಕಾ ಕಡೆದಿಟ್ಟ ನಲವತ್ತು ಜಿನೆಯ ಕಂಬಗಳ ಮುಂದೆ ನಿಂತು ಒಂದು ಫೋಟೋ ತೆಗೆಸಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಕಂಬಗಳನ್ನು ನಾನು ಮಾಡಿದ್ದು ಎಂದು ಬರೆಯಲಿಲ್ಲ. ಬರೆಯಲಿಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ. ಸುಳ್ಳು ಹೇಳುವುದು ನನಗೆ ಆಗಿಬರುವುದಿಲ್ಲ. ಧಾರವಾಡದ ದೊಡ್ಡಪ್ಪ 'ಭಲೇ ಮಗನೇ' ಎಂದು ಬರೆದರು. ಹಿರಿಯರ ಮಾತನ್ನು ತಿದ್ದುವುದು ಸಭ್ಯತೆಯಲ್ಲ.

ವಿದ್ಯೆ ಅರ್ಧಂಬರ್ಧ ಬಂದಾಗ ಸಿದ್ಧಾಂತಗಳು ಪೂರ್ತಿ ಬರುತ್ತವೆ. ಮಲಾಡಿನ ಪಕ್ಕದ ಗೋರೆಗಾಂವಿನಿಂದ ವಡಾಲಕ್ಕೆ ಹಿಂತಿರುಗುವ ಹಾರ್ಬರ್ ಲೋಕಲ್ಲಿನಲ್ಲಿ ನನಗೆ ಹೊಳೆದದ್ದು ಇದು: ಜಗತ್ತಿನ ಮೊದಲ ಲೇತ್ ಸಮುದ್ರಮಂಥನ. ನಮ್ಮಲ್ಲಿ ಮಜ್ಜಿಗೆಯನ್ನೂ ಕಡೆಯುತ್ತಾರೆ, ಮರವನ್ನೂ ಕಡೆಯುತ್ತಾರೆ. ಕರೆಂಟ್ ಬರುವ ಮುಂಚೆ ಮರ ಕಡೆಯುವವರೂ ಹಗ್ಗ ಸುತ್ತಿ ಆಚೆ ಈಚೆ ಎಳೆಸುತ್ತಿದ್ದರು ಎಂದು ಕಾಕಾ ಹೇಳಿದ್ದ. ಹಾಗಾದರೆ ಮಂದರ ಪರ್ವತವೇ ಕಟ್ಟಿಗೆಯ ತುಂಡು, ವಾಸುಕಿಯೇ ಬೆಲ್ಟು, ದೇವತೆಗಳೂ ರಾಕ್ಷಸರೂ ಸೇರಿ ಮೋಟರು. ಪರ್ವತ ಕುಸಿಯತೊಡಗಿದಾಗ ವಿಷ್ಣು ಆಮೆಯಾಗಿ ಕೆಳಗೆ ಹೋಗಿ ಕುಳಿತನಲ್ಲ, ಅದು ಬೇರಿಂಗು. ಎಲ್ಲ ಇತ್ತು. ಒಬ್ಬನಾದರೂ ಉಳಿ ಹಿಡಿದು ನಿಂತಿದ್ದರೆ ಅಮೃತದ ಜೊತೆಗೆ ಒಂದು ಒಳ್ಳೆಯ ಲಟ್ಟಣಿಗೆಯೂ ಸಿಗುತ್ತಿತ್ತು. ಇಷ್ಟು ಜನ ಸೇರಿದ ಕಡೆ ನುರಿತ ಕೈ ಒಂದೂ ಇಲ್ಲದಿರುವುದು ಅಂದಿನಿಂದ ಬಂದ ಸಂಪ್ರದಾಯ. ನಮ್ಮ ಸೊಸೈಟಿಯ ಮೀಟಿಂಗಿನಲ್ಲೂ ಅದನ್ನೇ ನೋಡುತ್ತೇನೆ.

ಇನ್ನೊಂದು ಸಿದ್ಧಾಂತ ಲಕ್ಕುಂಡಿಯದು. ಹಿಂದಿನ ವರ್ಷ ಊರಿಗೆ ಹೋದಾಗ ಅಪ್ಪ ಅಲ್ಲಿಯ ಗುಡಿಗಳನ್ನು ತೋರಿಸಿದ್ದರು. ಕಂಬಗಳ ಮೇಲೆ ಬಳೆ ತೊಡಿಸಿದ ಹಾಗೆ ಸಾಲು ಸಾಲು ಉಂಗುರ, ಮುಖ ಕಾಣುವಷ್ಟು ಮಿಂಚು. ಕಲ್ಲನ್ನು ಲೇತಿಗೆ ಹಾಕಿ ಕಡೆದಂತೆ ಇದೆ ಎಂದು ಅಲ್ಲಿ ಯಾರೋ ಹೇಳಿದ್ದರು. ಆಗ ನಾನು ಆ ಕಂಬದಲ್ಲಿ ಕೂದಲು ಸರಿ ಮಾಡಿಕೊಂಡಿದ್ದೆ. ಈಗ ಅರ್ಥವಾಯಿತು. ಚಾಲುಕ್ಯರು ಆರಂಭಿಸಿ ಅರ್ಧಕ್ಕೆ ಬಿಟ್ಟ ಕೆಲಸ ಮಲಾಡಿನಲ್ಲಿ ನನಗಾಗಿ ಕಾದಿತ್ತು.

ಇಷ್ಟು ಆತ್ಮವಿಶ್ವಾಸ ಇರುವವನ ಮನೆಯಲ್ಲಿ ತಬಲಾ ಇರಬಾರದು. ನಮ್ಮಲ್ಲಿ ಇತ್ತು.

ಅಪ್ಪ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕ್ಲರ್ಕು. ಧಾರವಾಡದಲ್ಲಿ ಇದ್ದಾಗ ಒಳ್ಳೆಯ ತಬಲಾ ನುಡಿಸುತ್ತಿದ್ದರಂತೆ. ಮುಂಬೈಗೆ ಬಂದ ಮೇಲೂ ನುಡಿಸುತ್ತಿದ್ದರು. ಆಮೇಲೆ ನಾನು ಹುಟ್ಟಿದೆ. ಚಿಕ್ಕ ಮನೆ, ತಬಲಾ ಕೇಳಿದರೆ ನಾನು ಕಿರುಚುತ್ತಿದ್ದೆ, ನಾನು ಕಿರುಚಿದರೆ ಕೆಳಗಿನ ಮಹಡಿಯವರು ಮೇಲೆ ಬರುತ್ತಿದ್ದರು. ತಬಲಾ ಅಟ್ಟದ ಮೇಲೆ ಹೋಯಿತು. ತೊಟ್ಟಿಲಲ್ಲಿ ಮಲಗಿಕೊಂಡೇ ಒಬ್ಬ ಕಲಾವಿದನನ್ನು ನಿವೃತ್ತಿಗೊಳಿಸಿದವನು ನಾನು. ಅಂದಿನಿಂದ ಅಪ್ಪ ನುಡಿಸಿದ್ದೆಲ್ಲ ಲೋಕಲ್ಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡ ಟಿಫಿನ್ ಬ್ಯಾಗಿನ ಮೇಲೆ.

ಹದಿನೇಳು ವರ್ಷದ ಮೇಲೆ ಆ ತಬಲಾ ಕೆಳಗೆ ಇಳಿಯಿತು. ಧಾರವಾಡದ ಹಾಡುಗಾರ್ತಿ ಸುಮಿತ್ರಕ್ಕ ಮುಲುಂಡಿನ ಮಗಳ ಮನೆಗೆ ಬಂದಿದ್ದರು. ನಮ್ಮ ಕಾಲೊನಿಯ ಕನ್ನಡ ಕೂಟದವರು ರವಿವಾರ ಸಂಜೆ ಅವರ ಹಾಡಿಕೆ ಇಟ್ಟರು. ಒಂದು ಕಾಲದಲ್ಲಿ ಅಪ್ಪನ ಗುರುಗಳ ಮನೆಯಲ್ಲಿ ಜೊತೆಗೆ ಕಲಿತವರು. "ತಬಲಾಕ್ಕ ವಸಂತಣ್ಣ ಇದ್ದಾನಲ್ಲ, ಬ್ಯಾರೆಯವರು ಯಾಕ" ಎಂದು ಅಪ್ಪನ ಹೆಸರು ಹಿಡಿದು ಅವರೇ ಅಂದರಂತೆ. ಅಪ್ಪ ಹದಿನೈದು ದಿನ ಬ್ಯಾಂಕಿನಿಂದ ಬಂದವರೇ ಚಹಾ ಕೂಡ ಕುಡಿಯದೆ ರಿಯಾಜಿಗೆ ಕೂತರು. ಅವರ ಬೆರಳು ಊದಿಕೊಂಡವು, ಮುಖ ಮಾತ್ರ ಹತ್ತು ವರ್ಷ ಸಣ್ಣದಾಯಿತು.

ತೊಂದರೆ ಗಟ್ಟಾಗಳದ್ದು. ಬಲಗೈ ತಬಲಾದ ಸುತ್ತ ಚರ್ಮದ ಪಟ್ಟಿಗಳು ಬಿಗಿದಿರುತ್ತವೆ. ಆ ಪಟ್ಟಿಗಳಿಗೂ ಮೈಗೂ ನಡುವೆ, ಹೆಬ್ಬೆರಳಿಗಿಂತ ತುಸು ದಪ್ಪಗಿನ ಎಂಟು ಕಟ್ಟಿಗೆಯ ತುಂಡುಗಳು ಸಿಕ್ಕಿಕೊಂಡಿರುತ್ತವೆ. ಅವೇ ಗಟ್ಟಾ. ಸುತ್ತಿಗೆಯಿಂದ ಅವನ್ನು ಕೆಳಕ್ಕೆ ಬಡಿದರೆ ಸ್ವರ ಏರುತ್ತದೆ, ಮೇಲಕ್ಕೆ ಸರಿಸಿದರೆ ಇಳಿಯುತ್ತದೆ. ನಮ್ಮ ತಬಲಾದಲ್ಲಿ ಐದೇ ಇದ್ದವು; ರಿಯಾಜಿಗೆ ಸಾಕಾದವು, ಹಾಡಿಕೆಗೆ ಸಾಲವು. ಉಳಿದ ಮೂರು, ನಾನು ಯುಕೆಜಿಯಲ್ಲಿದ್ದಾಗ ಅಟ್ಟ ಸ್ವಚ್ಛ ಮಾಡುವ ದಿನ ನನ್ನ ಕೈಗೆ ಸಿಕ್ಕಿ, ಕಾರಿಡಾರಿನ ಕ್ರಿಕೆಟಿಗೆ ಸ್ಟಂಪುಗಳಾಗಿ ವೀರಮರಣ ಹೊಂದಿದ್ದವು.

"ದಾದರಕ್ಕ ಹೋಗಿ ಹೊಸಾ ಗಟ್ಟಾ ತಗೊಂಡ ಬಾರಪಾ" ಎಂದು ಅಪ್ಪ ಅಂದರು.

"ಬಜಾರದ ಮಾಲಾ? ಮನ್ಯಾಗ ಕಾರೀಗರ ಇರೋವಾಗ?"

"ಯಾವ ಕಾರೀಗರ?" ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು. "ಮುಂಜಾನೆ ಎದ್ದು ಹಾಸಿಗಿ ಮಡಚಲಿಕ್ಕೆ ಬರದವನಾ?"

"ಅವ್ವಾ, ಕಲಾವಿದರು ಹಾಸಿಗಿ ಮಡಚಂಗಿಲ್ಲ. ಎಂಟೂ ನಾನs ಕಡೀತೀನ್ರಿ ಅಪ್ಪಾ. ಟೆನ್ಶನ್ ನಕ್ಕೋ."

ಬುದ್ಧಿ ಇರುವ ಯಾರೂ ಒಪ್ಪುತ್ತಿರಲಿಲ್ಲ. ಅಪ್ಪ ಒಪ್ಪಿದರು.

ಕಾಕಾ ಒಂದು ಶೀಸಂ ತುಂಡು ಕೊಟ್ಟು ಇಷ್ಟೇ ಹೇಳಿದ: "ಸಾದಾ ಇರಲಿ. ದುಂಡಗ ಮಾಡು, ಕೊಯ್ದು ಕೊಡು. ಡಿಜೈನ್ ಬ್ಯಾಡ, ಪಾಲಿಶ್ ಬ್ಯಾಡ." ಯಾಕೆ ಬೇಡ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುದುಕರಿಗೆ ಸೌಂದರ್ಯಪ್ರಜ್ಞೆ ಕಮ್ಮಿ ಎಂದುಕೊಂಡೆ.

ಕಾಕಾ ಚಹಾಕ್ಕೆ ಹೋದ. ಲಕ್ಕುಂಡಿ ನನ್ನನ್ನು ಕರೆಯಿತು. ಪ್ರತಿ ಗಟ್ಟಾದ ಎರಡೂ ತುದಿಗೆ ಉಂಗುರ ಕೊರೆದೆ. ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿದೆ. ಆಟಿಕೆಗಳಿಗೆ ಹಚ್ಚುವ ಅರಗಿನ ಕಡ್ಡಿ ಮೂಲೆಯಲ್ಲಿತ್ತು. ತಿರುಗುವ ಕಟ್ಟಿಗೆಗೆ ಒತ್ತಿದರೆ ಅದು ಆ ಬಿಸಿಗೆ ಕರಗಿ ಗಾಜಿನಂತೆ ಕೂರುತ್ತದೆ. ಒತ್ತಿದೆ. ಅವುಗಳಲ್ಲಿ ನನ್ನ ಮುಖ ಕಂಡಿತು, ಎಂಟು ಸಲ. ಅಷ್ಟು ಸುಂದರ ದೃಶ್ಯ ಆ ಕಾರ್ಖಾನೆಯಲ್ಲಿ ಅದುವರೆಗೆ ಯಾರೂ ಕಂಡಿರಲಾರರು. ಕಾಕಾ ತಿರುಗಿ ಬರುವ ಮುಂಚೆ ಚೀಲಕ್ಕೆ ಹಾಕಿಕೊಂಡೆ. ಶನಿವಾರ ಮಧ್ಯಾಹ್ನ ಮನೆಗೆ ಬಂದು ಹೊಸವನ್ನು ಅಪ್ಪನ ಕೈಗಿಟ್ಟು, ಹಳೆಯ ಐದನ್ನು ಬಿಲ್ಡಿಂಗಿನ ಕಸದ ಗಾಡಿಗೆ ಎಸೆದು ಬಂದೆ. ದೊಡ್ಡ ಕಲಾವಿದರು ಹಿಂತಿರುಗಿ ನೋಡುವುದಿಲ್ಲ.

ಅದೇ ಸಂಜೆ ಸುಮಿತ್ರಕ್ಕ ನಮ್ಮ ಮನೆಗೇ ತಾಲೀಮಿಗೆ ಬಂದರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಧ್ವನಿ. ಅಪ್ಪ ಸುತ್ತಿಗೆಯಿಂದ ಶ್ರುತಿ ಮಾಡಿದರು. ತಬಲಾ ಟಣ್ ಎಂದಿತು. ನಾನು ಎದುರಿಗೆ ಕಾಲು ಮೇಲೆ ಕಾಲು ಹಾಕಿ ಕೂತೆ. ಮೊದಲ ಎರಡು ನಿಮಿಷ ಜಗತ್ತು ಸರಿಯಾಗಿಯೇ ಇತ್ತು. ಮೂರನೇ ನಿಮಿಷಕ್ಕೆ ತಬಲಾದ ದನಿ ತುಸು ಮಂಕಾಯಿತು. ಅಪ್ಪ ಗಟ್ಟಾ ಬಡಿದರು. ಮತ್ತೆ ಮಂಕಾಯಿತು. ಮತ್ತೆ ಬಡಿದರು. ನನ್ನ ಕಣ್ಣೆದುರಿಗೆ ನನ್ನ ಎಂಟು ಚಾಲುಕ್ಯ ಕಂಬಗಳು ಲಿಫ್ಟ್ ಹತ್ತಿದವರ ಹಾಗೆ ಮೆಲ್ಲಗೆ ಮೇಲಕ್ಕೆ ಹೋಗುತ್ತಿದ್ದವು. ಅವು ಮೇಲಕ್ಕೆ ಹೋದಷ್ಟೂ ಸ್ವರ ಕೆಳಗೆ ಬರುತ್ತಿತ್ತು.

"ವಸಂತಣ್ಣ" ಎಂದರು ಸುಮಿತ್ರಕ್ಕ, ಹಾಡು ನಿಲ್ಲಿಸಿ, "ಇದು ತಬಲಾನೋ, ಕಮ್ಮಾರನ ಸಾಲಿನೋ? ಹಾಡಿದ್ದಕ್ಕಿಂತ ಬಡಿದದ್ದs ಭಾಳ ಆತು."

"ಹಳೇ ಚರ್ಮ ಅದರೀ. ಹವಾನೂ ಹಸಿ ಅದ" ಎಂದರು ಅಪ್ಪ.

ಮಳೆ ಬಿದ್ದು ಆರು ತಿಂಗಳಾಗಿತ್ತು. ಏಪ್ರಿಲ್ ತಿಂಗಳು. ಅಪ್ಪ ನನ್ನ ಕಡೆ ನೋಡದೆ ಅದನ್ನು ಹೇಳಿದರು. ನಾನು ಕಾಲು ಇಳಿಸಿದೆ.

"ನಾಳೆ ನಾಲ್ಕಕ್ಕ ಬರ್ತೀನಿ" ಎಂದು ಅವರು ಏಳುತ್ತ ಅಂದರು. "ಸ್ವರ ಕೂತ್ರ ಛಲೋ. ಇಲ್ಲಾಂದ್ರ ಮುಲುಂಡದಾಗ ಒಬ್ಬ ಹುಡುಗ ಇದ್ದಾನ, ಅವನ್ನ ಕರಸ್ತೀನಿ. ಮನಸಿಗೆ ಹಚ್ಚಕೋಬ್ಯಾಡ, ವಸಂತಣ್ಣ."

ಹಚ್ಚಿಕೊಳ್ಳುವುದಿಲ್ಲ ಎಂದು ಅಪ್ಪ ನಕ್ಕರು. ಆಮೇಲೆ ತಬಲಾಕ್ಕೆ ಬಟ್ಟೆ ಸುತ್ತಿದರು. ಅಟ್ಟದ ಮೇಲೆ ಇಡುವಾಗ ಸುತ್ತುವ ಹಾಗೆ, ಎರಡು ಸುತ್ತು. ಒಂದು ಮಾತು ಬೈದಿದ್ದರೆ ನಾನು ಹತ್ತು ಮಾತು ಎದುರಾಡಿ ಆರಾಮಾಗಿ ಮಲಗುತ್ತಿದ್ದೆ. ಬೈಯಲಿಲ್ಲ. ದಾದರಿನ ಅಂಗಡಿ ರವಿವಾರ ತೆರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ರವಿವಾರ ಬೆಳಿಗ್ಗೆ ಹಾರ್ಬರ್ ಲೈನಿಗೆ ಮೆಗಾ ಬ್ಲಾಕ್, ಹಳಿ ರಿಪೇರಿಗೆ ಗಾಡಿ ಬಂದ್. ನನ್ನ ಪಾಪ ರೈಲ್ವೆಯವರಿಗೂ ತಿಳಿದಿತ್ತೆಂದು ಕಾಣುತ್ತದೆ. ಬಸ್ಸಿನಲ್ಲಿ ದಾದರಿಗೆ ಹೋಗಿ, ಅಲ್ಲಿಂದ ವೆಸ್ಟರ್ನ್ ಲೈನಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಮಲಾಡ್ ಮುಟ್ಟಿದೆ. ಇನ್ನೊಂದು ಕಾಲು ಯಾರದೋ ಸೂಟ್‌ಕೇಸಿನ ಮೇಲಿತ್ತು. ಕಾಕಾ ಶಟರಿನ ಮುಂದೆ ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿದ್ದ. ನಾನು ಒಂದು ಗಟ್ಟಾವನ್ನು ಅವನ ಮುಂದೆ ಇಟ್ಟೆ. ಅದು ಬಿಸಿಲಿಗೆ ಮಿಂಚಿತು.

"ಅರಗ ಹಚ್ಚಿದಿ."

"ಹೂಂ."

"ಬಳಿ ತೊಡಿಸಿದಿ."

"ಹೂಂ."

"ಮಂಗ್ಯಾನ ಮಗನ, ಗಟ್ಟಾ ಅಂದ್ರ ಹಿಡಕೊಂಡ ಕುಂಡ್ರೋ ಸಾಮಾನು. ಅದರ ಮೈ ಒರಟ ಇದ್ರ ಚರ್ಮ ಹಿಡಿತೈತಿ. ನೀ ಸಾಬಾಣ ಮಾಡಿ ತಂದಿ."

"ಮೊದಲs ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ಕೇಳ್ತಿದ್ದೇನು?"

ಕೇಳುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಇದು ಅಪರೂಪದ ಸಂಗತಿ, ಆದ್ದರಿಂದ ದಾಖಲಿಸುತ್ತಿದ್ದೇನೆ.

ನೀವೇ ಕಡೆದು ಕೊಡಿ ಎಂದು ಕೈ ಮುಗಿದೆ. ನಾನು ತಂದವುಗಳ ಮೇಲಿನ ಅರಗನ್ನಾದರೂ ಕೆರೆದು ಕೊಡಿ ಎಂದೆ. ಉಂಗುರ ಕೊರೆದ ಕಡೆ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಹೊಸದೇ ಆಗಬೇಕು ಎಂದ. ಶಟರ್ ಎತ್ತಿದ, ಮೂರು ತುಂಡು ನನ್ನ ಕೈಗಿಟ್ಟ, ಮತ್ತೆ ಹೊರಗೆ ಹೋಗಿ ಕೂತ. "ನನಗ ಇವತ್ತ ಸೂಟಿ."

ಮೊದಲ ಕೋಲು ಅವಸರಕ್ಕೆ ಬಲಿಯಾಯಿತು. ಉಳಿ ಕಚ್ಚಿತು, ತುಂಡು ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿದು ಏಪ್ರಿಲ್ ತಿಂಗಳನ್ನು ಅರ್ಧ ಮಾಡಿತು. ಕಾಕಾ ಪೇಪರಿನಿಂದ ತಲೆ ಎತ್ತದೆ ಕೂಗಿದ: "ಕಣ್ಣಿಂದ ಕಡೀಬ್ಯಾಡ. ಉಳಿ ಬೆನ್ನು ಕಟ್ಟಗಿಗೆ ಆನಿಸು. ಸಪ್ಪಳ ಕೇಳು."

ಅಷ್ಟು ದಿನ ನಾನು ಲೇತ್ ಮುಂದೆ ಮಾತಾಡುತ್ತಲೇ ಇದ್ದೆ. ಸಪ್ಪಳ ಕೇಳಲು ಬಾಯಿ ಮುಚ್ಚಬೇಕಾಯಿತು. ಉಳಿಯ ಬೆನ್ನನ್ನು ಮೆಲ್ಲಗೆ ಆನಿಸಿದೆ. ಖಟಖಟ ಎನ್ನುತ್ತಿದ್ದದ್ದು ಕರಕರ ಆಯಿತು. ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದೆ. ಕರಕರ ಹೋಗಿ ಸರ್ ಎಂದು, ಬಿಸಿ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಒಂದೇ ಸಮನೆ ಸದ್ದು. ಸಿಪ್ಪೆ ಪುಡಿಪುಡಿಯಾಗಿ ಉದುರುವುದನ್ನು ಬಿಟ್ಟು ಉದ್ದಕ್ಕೆ ರಿಬ್ಬನ್ನಿನಂತೆ ಹೊರಬಂದು ನನ್ನ ಮೊಣಕೈ ಮೇಲೆ ಬಿತ್ತು. ಹೊರಗೆ ಪೇಪರಿನ ಸದ್ದು ನಿಂತಿತು. ಕಾಕಾ ಕೇಳುತ್ತಿದ್ದ. ತಿರುಗಿ ನೋಡಬೇಕೆಂಬ ಆಸೆ ಭಯಂಕರವಾಗಿತ್ತು. ನೋಡಲಿಲ್ಲ. ನೋಡಿದ್ದರೆ ಎರಡನೇ ಕೋಲೂ ಕ್ಯಾಲೆಂಡರಿಗೆ ಹೋಗುತ್ತಿತ್ತು.

ಸರಿಯಾಗಿ ಬಂದದ್ದು ಎರಡು ಕೋಲು, ಕೋಲಿಗೆ ನಾಲ್ಕರಂತೆ ಎಂಟು ತುಂಡು. ಅಳತೆ ನೋಡಲು ಇಟ್ಟ ಒಂದು ಪೈಪಿನ ಚೂರಿನಲ್ಲಿ ಎಂಟೂ ತೂರಿ ಬಂದವು. ಮಂಕು ಬಣ್ಣ, ಒರಟು ಮೈ, ನೋಡಿದರೆ ಯಾರಿಗೂ ಮತ್ತೊಮ್ಮೆ ನೋಡಬೇಕೆನಿಸದ ಮುಖ. ಕಾಕಾ ಒಂದನ್ನು ಅಂಗೈಯಲ್ಲಿ ತಿರುಗಿಸಿ "ಹೋಗು, ಗಾಡಿ ತಪ್ಪೀತು" ಎಂದ. ಅವನ ಭಾಷೆಯಲ್ಲಿ ಅದು ಪದ್ಮಶ್ರೀ.

ಮನೆ ಮುಟ್ಟಿದಾಗ ಮೂರು ಗಂಟೆ. ಅಪ್ಪ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಸುಮ್ಮನೆ ಕೂತಿದ್ದರು.

"ಅಪ್ಪಾ, ಅದು ಚರ್ಮದ್ದಲ್ರಿ. ನಾ ಅರಗು ಹಚ್ಚಿದ್ದೆ. ಕಾಕಾ ಬ್ಯಾಡ ಅಂದಿದ್ರು."

"ಗೊತ್ತದ. ನಿನ್ನೆ ನನ್ನ ಬೆರಳಿಗೆಲ್ಲಾ ಅಂಟಿತ್ತು" ಎಂದು ಅಪ್ಪ ಕೈ ಚಾಚಿದರು. "ಕೊಡು ಇಲ್ಲೆ."

ಪಟ್ಟಿಗಳನ್ನು ಬಟ್ಟೆಯಿಂದ ಒರೆಸಿ ಒಂದೊಂದಾಗಿ ಎಂಟನ್ನೂ ಕೂರಿಸಿದರು. ನಾಲ್ಕಕ್ಕೆ ಸುಮಿತ್ರಕ್ಕ ಬಂದರು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಆಲಾಪ ತೆಗೆದರು. ಅಪ್ಪ ಠೇಕಾ ಹಿಡಿದರು. ಐದು ನಿಮಿಷ. ಹತ್ತು ನಿಮಿಷ. ಅವ್ವ ಗ್ಯಾಸಿನ ಮೇಲೆ ಹಾಲಿಟ್ಟದ್ದನ್ನು ಮರೆತು ನಿಂತಿದ್ದಳು. ಹಾಲು ಉಕ್ಕಿತು, ಸ್ವರ ಇಳಿಯಲಿಲ್ಲ.

"ನಡೀ ವಸಂತಣ್ಣ, ಹೊತ್ತಾತು" ಎಂದರು ಸುಮಿತ್ರಕ್ಕ. ಮುಲುಂಡಿನ ಹುಡುಗನ ಮಾತು ಬರಲಿಲ್ಲ.

ಆ ಸಂಜೆಯ ಹಾಡಿಕೆ ಬಹಳ ಚೆನ್ನಾಗಿತ್ತಂತೆ. ನನಗೆ ಗೊತ್ತಿಲ್ಲ. ಎರಡು ತಾಸು ನಾನು ಅಪ್ಪನ ಮೊಣಕಾಲಿನ ಹತ್ತಿರ ಬಿದ್ದಿದ್ದ ಸುತ್ತಿಗೆಯನ್ನು ಮಾತ್ರ ನೋಡುತ್ತಿದ್ದೆ. ರಾಗ ಬದಲಾದಾಗ ಎರಡು ಸಲ ಶಾಸ್ತ್ರಕ್ಕೆ ಎತ್ತಿಕೊಂಡರು, ಅಷ್ಟೇ. ಕೊನೆಯ ದ್ರುತ್‌ನಲ್ಲಿ, ಲಯ ಓಡತೊಡಗಿದಾಗ, ಅಪ್ಪನ ಬೆರಳುಗಳು ಮೊದಲು ಹೇಳಿದ ಆ ತಿರುಗುವ ಕಟ್ಟಿಗೆಯಂತೆ ಬರೀ ನೆರಳಾದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಮಿತ್ರಕ್ಕ ತಮ್ಮ ಶಾಲನ್ನು ತೆಗೆದು ಅಪ್ಪನಿಗೇ ಹೊದಿಸಿದರು. ಅಪ್ಪ ಅಳುತ್ತಿದ್ದರೋ ಬೆವರುತ್ತಿದ್ದರೋ ನಾನು ಹೇಳಲಾರೆ, ನನ್ನ ಕಣ್ಣಿಗೂ ಆಗ ಏನೋ ಬಿದ್ದಿತ್ತು. ಬಹುಶಃ ಕಟ್ಟಿಗೆಯ ಪುಡಿ.

ವಂದನಾರ್ಪಣೆ ಉದ್ದವಾಗಿತ್ತು. ಮೈಕಿನವನ ಹೆಸರು ಬಂತು, ಚಹಾದವನ ಹೆಸರು ಬಂತು, ಸಭಾಂಗಣದ ಬೀಗ ತೆರೆದವನ ಹೆಸರೂ ಬಂತು. ಗಟ್ಟಾದ ಮಾತು ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಜಾರುವ ಗಟ್ಟಾವನ್ನು ಇಡೀ ಹಾಲ್ ಗಮನಿಸುತ್ತದೆ. ಕೂತ ಗಟ್ಟಾದ ಮೇಲೆ ಹಾಡು ಸಾಗಿಹೋಗುತ್ತದೆ. ನಾನು ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ಒಳ್ಳೆಯ ನಾಲ್ಕು ವಾಕ್ಯ ತಯಾರಾಗಿದ್ದವು. ಅವು ಅಲ್ಲೇ ಕೂತವು.

ಮನೆಗೆ ನಡೆದು ಬರುವಾಗ ತಬಲಾ ನನ್ನ ಹೆಗಲ ಮೇಲಿತ್ತು. ಅಪ್ಪ ಇದ್ದಕ್ಕಿದ್ದಂತೆ ಕೇಳಿದರು:

"ನಿನ್ನ ಹೆಸರು ಹೇಳಸಬೇಕಾಗಿತ್ತಲ್ಲೋ. ನನಗ ಖಬರs ಉಳೀಲಿಲ್ಲ. ನಾಳೆ ಗ್ರೂಪಿಗೆ ಹಾಕೋಣೇನು?"

"ಇರಲಿ ಬಿಡ್ರಿ ಅಪ್ಪಾ" ಎಂದೆ.

ಅಪ್ಪ ರಸ್ತೆಯ ನಡುವೆ ನಿಂತರು. ಶಾಲನ್ನು ಸರಿಸಿಕೊಂಡು, ಕೈ ಚಾಚಿ, ಜ್ವರ ಬಂದಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದರು.